ನೀಮಾಳ ಪ್ರಮಾಣವಚನ

ಕೆಳಗಿನ ಮನೆಯಿಂದ ಏಲಕ್ಕಿ, ತೆಂಗಿನ ಹಾಲು, ಕಾದ ಎಣ್ಣೆ ಮೂರೂ ಕೂಡಿದ ವಾಸನೆ ಬಂತೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೇರೆಯವರಿಗೆ ಅದು ಹಬ್ಬದ ವಾಸನೆ ಅನಿಸೀತು. ನನಗೆ ಗೊತ್ತು, ನೀಮಾ ಚಿಂತೆಯಲ್ಲಿದ್ದಾಳೆ. ಸಂತೋಷದಲ್ಲಿದ್ದರೆ ಅವಳು ಒಲೆಯ ಹತ್ತಿರವೂ ಸುಳಿಯುವುದಿಲ್ಲ, ಗಂಡನಿಗೆ ಹೇಳಿ ಹೊರಗಿನಿಂದ ತರಿಸುತ್ತಾಳೆ. ಮನಸ್ಸು ಕೆಟ್ಟಾಗ ಮಾತ್ರ ಹಿಟ್ಟು ನಾದಿ ತನ್ನೂರಿನ ಮಂದಾಜಿ ಕರಿಯಲು ನಿಲ್ಲುತ್ತಾಳೆ. ಮಂದಾಜಿಯೆಂದರೆ ನಮ್ಮ ಬನ್ಸಿನ ದೂರದ ಸಂಬಂಧಿ ಅಂದುಕೊಳ್ಳಿ. ಇವತ್ತು ಮುಂಜಾನೆ ಆ ವಾಸನೆ ಬಂತು. ಕೈಯೊಳಗಿನ ಚಹಾ ಅಲ್ಲೇ ಇಟ್ಟು ಮೆಟ್ಟಿಲಿಳಿಯುವಾಗ ಹೋದ ವರ್ಷದ ಆ ದಿನಗಳೆಲ್ಲ ಒಂದರ ಹಿಂದೊಂದು ನೆನಪಾದವು.

ನೀಮಾ ನನ್ನ ನೆಗೆಣ್ಣಿ. ನನ್ನ ಮೈದುನ ಗುರುವಿನ ಹೆಂಡತಿ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾಳೆ. ಹುಟ್ಟಿದ್ದು ಟಾಂಜಾನಿಯಾದ ಮೊರೊಗೊರೊ ಎಂಬ ಊರಿನಲ್ಲಿ. ಔಷಧಶಾಸ್ತ್ರ ಓದಲು ಪುಣೆಗೆ ಬಂದವಳು ಧನಕವಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ಗುರುವನ್ನು ಮದುವೆಯಾಗಿ ಇಲ್ಲೇ ಉಳಿದಳು. ನಾವು ಮೇಲಿನ ಮಹಡಿ, ಅವರು ಕೆಳಗಿನದು. ಅವಳಿಗೆ ಕನ್ನಡ ಕಲಿಸಿದವರು ನಮ್ಮ ಅತ್ತೆ. ಕಲಿಸಿದರು ಎನ್ನುವುದಕ್ಕಿಂತ, ಧಾರವಾಡದ ಆ ಮುದುಕಿಗೆ ಬೇರೆ ಭಾಷೆ ಕಲಿಯುವ ಇರಾದೆ ಇರಲಿಲ್ಲ, ಹಾಗಾಗಿ ಸೊಸೆಯೇ ಕಲಿಯಬೇಕಾಯಿತು. ಅತ್ತೆ ಹೋಗಿ ಬಹಳ ದಿನವಾದರೂ ಅವರ ಮಾತು ನೀಮಾಳ ಬಾಯಲ್ಲಿ ಹಾಗೆಯೇ ಉಳಿದಿದೆ. ಹಡಪಸರದ ಕಂಪನಿಯಲ್ಲಿ ಕೆಲಸ ಮಾಡುವ, ಮೈಸೂರು ಕಡೆಯ ನೆರೆಮನೆ ಹುಡುಗಿ ಒಮ್ಮೆ ನನ್ನ ಕಿವಿಯಲ್ಲಿ, "ಆಂಟಿ, ಇವರ ಕನ್ನಡ ನಂಗೇ ಅರ್ಧ ಅರ್ಥ ಆಗಲ್ಲ" ಅಂದಿದ್ದಳು.

ನೀಮಾ ಈ ದೇಶದ ನಾಗರಿಕತ್ವಕ್ಕೆ ಅರ್ಜಿ ಹಾಕಿದಾಗ ಪರೀಕ್ಷೆಗೆ ತಯಾರು ಮಾಡುವ ಹೊಣೆ ನಾನೇ ಹೊತ್ತುಕೊಂಡೆ. ಯಾರೂ ಕೊಟ್ಟದ್ದಲ್ಲ. ನದಿಗಳು, ರಾಜಧಾನಿಗಳು, ರಾಷ್ಟ್ರಗೀತೆ. ಗೀತೆಯ ನಡುವೆ ಪ್ರಾಂತಗಳ ಹೆಸರು ಬರುವಲ್ಲಿ ನಾನೇ ಹಿಂದುಮುಂದು ಮಾಡಿದೆ, ಅವಳು ನಗುತ್ತ ತಿದ್ದಿದಳು. ಸಂದರ್ಶನದ ದಿನ ಗುರುವಿನ ಜೊತೆ ನಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಅಧಿಕಾರಿ ಹಿಂದಿಯಲ್ಲಿ ಏನೇನೋ ಕೇಳಿದರು, ಅವಳು ಉತ್ತರ ಕೊಟ್ಟಳು. ಕೊನೆಗೆ, ನಿಮಗೆ ಚೆನ್ನಾಗಿ ಬರುವ ಇಲ್ಲಿನ ಭಾಷೆ ಯಾವುದು ಅಂದರು. "ಕನ್ನಡ" ಅಂದಳು. ಅಧಿಕಾರಿ ಪೆನ್ನು ಕೆಳಗಿಟ್ಟರು. ಅಕ್ಕಲಕೋಟೆ ಕಡೆಯ, ಕನ್ನಡ ಬಲ್ಲ ಒಬ್ಬ ಗುಮಾಸ್ತರನ್ನು ಕರೆಸಿ, ಮಾತಾಡಿಸಿ ನೋಡಿ ಎಂದರು.

ಅವರಿಗೂ ಏನು ಕೇಳಬೇಕೆಂದು ತೋಚಲಿಲ್ಲ. "ಊಟ ಆತೇನ್ರಿ?" ಅಂದರು.

"ಎಲ್ಲಿ ಊಟಾರಿ, ನಿಮ್ಮ ಸಾಹೇಬ್ರು ಬಿಟ್ಟರ ಮನಿಗಿ ಹೋಗಿ ಉಣಬೇಕು" ಅಂದಳು ನೀಮಾ.

ಗುಮಾಸ್ತರು ಅದನ್ನು ಮರಾಠಿಗೆ ಮಾಡಿ ಹೇಳಿದಾಗ ಕೋಣೆಯೆಲ್ಲ ನಕ್ಕಿತು. ಸಂದರ್ಶನ ಮುಗಿಯಿತು, ಅವಳು ಪಾಸಾದಳು.

ಇಲ್ಲಿಗೆ ನೆಮ್ಮದಿಯಾಯಿತು ಅಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಈ ದೇಶದವಳಾಗುವ ಮೊದಲು ಆ ದೇಶವನ್ನು ಬಿಡಬೇಕು. ಅದು ನಿಯಮ. ನೀಮಾ ತನ್ನ ಹಳೆಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿದಳು. ಇನ್ನು ಪ್ರಮಾಣವಚನಕ್ಕೆ ಕರೆ ಬರಬೇಕು, ಪ್ರಮಾಣಪತ್ರ ಕೈಗೆ ಬರಬೇಕು. ಅಲ್ಲಿಯವರೆಗೆ ಅವಳು ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ. ಈ ಮಾತು ತಲೆಗೆ ಹೊಕ್ಕ ಮೇಲೆ ನನಗೆ ನಿದ್ದೆ ಹತ್ತದಾಯಿತು. ಕೆಳಗೆ ಫೋನು ರಿಂಗಾದರೆ ನಾನು ಮೇಲಿನಿಂದ ಓಡುತ್ತಿದ್ದೆ. ಅಂಚೆಯವನನ್ನು ಗೇಟಿನಲ್ಲೇ ಹಿಡಿಯುತ್ತಿದ್ದೆ. ಚಾಕಣದ ಕಾರ್ಖಾನೆಯಿಂದ ದಣಿದು ಬಂದ ನಮ್ಮ ಯಜಮಾನರು ಬೂಟು ಬಿಚ್ಚುವ ಮೊದಲೇ, ಸರಕಾರ ಬದಲಾದರೆ, ಕಾಯಿದೆ ಬದಲಾದರೆ ಎಂದು ಶುರು ಮಾಡುತ್ತಿದ್ದೆ. ನೀಮಾ ಮಾತ್ರ ಶಾಂತಳಾಗಿದ್ದಳು. "ವೈನಿ, ನೀವ ಇಷ್ಟು ಗಾಬರಿ ಆದ್ರ ನಾ ಯಾವಾಗ ಆಗ್ಲಿ?" ಅನ್ನುತ್ತಿದ್ದಳು.

ಅವಳ ಸರದಿ ಬಂದೇ ಬಂತು. ಒಂದು ಮಧ್ಯಾಹ್ನ ಮೊರೊಗೊರೊದಿಂದ ಅವಳ ಅಣ್ಣನ ಫೋನು. ತಾಯಿಗೆ ಲಕ್ವಾ ಹೊಡೆದಿತ್ತು, ಮಾತು ನಿಂತಿತ್ತು. ಗುರು ಆ ಹೊತ್ತಿನಿಂದಲೇ ಅಲೆದಾಡಿದ. ಕೇಳಿದಲ್ಲೆಲ್ಲ ಮರುಕದಿಂದಲೇ ಮಾತಾಡಿದರಂತೆ. ಆದರೆ ಪಾಸ್‌ಪೋರ್ಟ್ ಇಲ್ಲದವರನ್ನು ವಿಮಾನ ಹತ್ತಿಸುವವರು ಯಾರು? ಹೇಗೋ ಹೋದರೂ ತಿರುಗಿ ಒಳಗೆ ಬರುವುದು ಹೇಗೆ? ಆ ದಿನಗಳಲ್ಲಿ ನೀಮಾ ಬುಟ್ಟಿಗಟ್ಟಲೆ ಮಂದಾಜಿ ಕರಿದಳು. ಕಟ್ಟಡದ ಎಲ್ಲ ಮನೆಗಳಿಗೂ ಹಂಚಿದಳು. ಜನ ಏನು ವಿಶೇಷ ಎಂದು ಕೇಳುತ್ತಿದ್ದರು. ನಾನು ಏನೂ ಇಲ್ಲ ಅನ್ನುತ್ತಿದ್ದೆ.

ತಾಯಿ ಬಹಳ ದಿನ ಉಳಿಯಲಿಲ್ಲ. ಮಣ್ಣು ಮಾಡುವುದನ್ನು ಅಣ್ಣ ಫೋನಿನಲ್ಲಿ ತೋರಿಸಿದ. ಅಲ್ಲಿ ಮಳೆ, ಕೊಡೆಗಳು, ನಡುವೆ ಹಾಡು. ಚಿತ್ರ ನಿಂತು ನಿಂತು ಬರುತ್ತಿತ್ತು. ಗುರು ಕಿಟಕಿಯ ಹತ್ತಿರ ಫೋನು ಎತ್ತಿ ಹಿಡಿದಿದ್ದ. ಎಲ್ಲ ಮುಗಿದ ಮೇಲೆ ನೀಮಾ ಗೋಡೆಗೆ ಒರಗಿ ಕೂತು ಒಂದೇ ಮಾತು ಅಂದಳು. "ಅವ್ವ ದಾರಿ ನೋಡಿರ್ತಾಳ್ರಿ ವೈನಿ. ನಾ ಯಾವ ದಾರೀಲೆ ಹೋಗಬೇಕಿತ್ತು?" ಅವಳ ಕಾಲ ಮೇಲೆ ಕೈಯಿಟ್ಟು ಕೂತೆ.

ಸೂತಕದ ವಾರ ಕಳೆಯುವ ಮೊದಲೇ ಪ್ರಮಾಣವಚನಕ್ಕೆ ಕರೆ ಬಂತು. ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ ಆ ಕರೆಗೆ. ಈಗ ಅದು ಬಂದು ಎದುರಿಗೆ ನಿಂತಾಗ ನನಗೇ ಬೇಡವಾಯಿತು.

"ನಾ ಹೋಗಂಗಿಲ್ಲ" ಅಂದಳು ನೀಮಾ. ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ ಎಂಬ ಭಯ ನನಗಿತ್ತು. ಆದರೂ, "ಬ್ಯಾಡಂದ್ರ ಬ್ಯಾಡವಾ" ಅಂದು ಮೇಲೆ ಬಂದುಬಿಟ್ಟೆ.

ಪ್ರಮಾಣವಚನದ ದಿನ ಮುಂಜಾನೆ ಬಾಗಿಲು ಬಡಿದ ಸದ್ದು. ನೀಮಾ ಅರ್ಧ ಉಟ್ಟ ಇಳಕಲ್ಲ ಸೀರೆಯಲ್ಲಿ ನಿಂತಿದ್ದಳು. ಭುಜದ ಮೇಲೆ ಅವಳ ತಾಯಿ ಮದುವೆಯಲ್ಲಿ ಹೊದಿಸಿದ್ದ ಹಳದಿ ಬಟ್ಟೆ.

"ನಿರಗಿ ಹಿಡೀರಿ ವೈನಿ. ಕುಂದರವಲ್ಲವು."

ನಾನು ಬಗ್ಗಿ ನಿರಿಗೆ ಹಿಡಿದೆ. ಮೇಲಿನಿಂದ ಅವಳ ಮಾತು ಬಂತು. "ನನ್ನ ಇಲ್ಲಿಗೆ ಕಳಿಸುವಾಗ ಅವ್ವ ಒಂದು ಹನಿ ಕಣ್ಣೀರು ಹಾಕಲಿಲ್ರಿ. ತಡಕೊಂಡಳು. ನಾ ಈಗ ಮನ್ಯಾಗ ಕೂತ್ರ ಆಕಿ ತಡಕೊಂಡದ್ದು ಏನ್ ಉಪಯೋಗಾತು?"

ಸಭಾಗೃಹದಲ್ಲಿ ನಮ್ಮಂತೆಯೇ ಕಾದು ಬಂದವರು ಬಹಳ ಮಂದಿ ಇದ್ದರು. ಗಡಿಯಾಚೆ ಹುಟ್ಟಿ ಇಲ್ಲಿ ಮುದುಕರಾದವರು, ಮಕ್ಕಳ ಕೈಹಿಡಿದು ಬಂದವರು. ಒಬ್ಬೊಬ್ಬರಾಗಿ ಎದ್ದು ಪ್ರಮಾಣ ಓದಿದರು. ನೀಮಾ ತನ್ನ ಹೆಸರು ಹೇಳಿದಳು, ಮುಂದಿನ ಮಾತು ಬರಲಿಲ್ಲ. ತುಟಿ ಅಲುಗುತ್ತಿತ್ತು, ಧ್ವನಿ ಇರಲಿಲ್ಲ. ವೇದಿಕೆಯ ಮೇಲಿದ್ದ ಹೆಣ್ಣುಮಗಳು, ದೊಡ್ಡ ಅಧಿಕಾರಿಯೇ ಇರಬೇಕು, ಮೈಕು ಪಕ್ಕಕ್ಕೆ ಸರಿಸಿ, "ಸಾವಕಾಶ. ಘಾಈ ನಾಹೀ" ಅಂದರು. ನಿಧಾನ, ಅವಸರವಿಲ್ಲ. ಇಡೀ ಸಭೆ ಸುಮ್ಮನೆ ಕಾಯಿತು. ನೀಮಾ ಆ ಹಳದಿ ಬಟ್ಟೆಯಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿನಿಂದ ಓದಿದಳು. ಕೊನೆಯವರೆಗೂ ಓದಿದಳು.

ಇದಿಷ್ಟು ನೆನೆಯುವುದರೊಳಗೆ ನಾನು ಅವಳ ಅಡುಗೆಮನೆಯ ಬಾಗಿಲಲ್ಲಿದ್ದೆ. ಏನಾಯಿತು ಅಂದೆ. ಅವಳು ತಿರುಗಿ ನೋಡದೆ ಹೇಳಿದಳು.

"ಹೊಸಾ ಪಾಸ್‌ಪೋರ್ಟಿಗೆ ವೀಸಾ ಬಂತ್ರಿ. ಬರೋ ತಿಂಗಳು ಅವ್ವನ ಸಮಾಧಿಗಿ ಕಲ್ಲು ಕೂಡಸ್ತಾರ. ಗುರೂಗ ರಜಾ ಇಲ್ಲ, ಒಬ್ಬಾಕಿನ ಹೋಗಬೇಕು. ಅಲ್ಲಿ ವಿಮಾನ ಇಳದ ಮ್ಯಾಲೆ ಊರವ್ರದೊಂದು ಸಾಲು, ಪರದೇಶದವ್ರದೊಂದು ಸಾಲು. ಇಷ್ಟು ದಿನಾ ಊರವ್ರ ಸಾಲಿನಾಗ ನಿಂತಾಕಿ ನಾ."

ನನ್ನ ಬಳಿ ಒಂದು ಪಾಸ್‌ಪೋರ್ಟ್ ಇದೆ. ನೇಪಾಳದ ಯಾತ್ರೆಗೆಂದು ಮಾಡಿಸಿದ್ದು. ಅಲ್ಲಿಗೆ ಪಾಸ್‌ಪೋರ್ಟ್ ಬೇಡವೆಂದು ಆಮೇಲೆ ತಿಳಿಯಿತು, ಮೊಣಕಾಲು ನೋವು ಬಂದು ಯಾತ್ರೆಯೂ ತಪ್ಪಿತು. ಅದರಲ್ಲಿ ಒಂದು ಠಸ್ಸೆಯೂ ಬಿದ್ದಿಲ್ಲ. ವಿಮಾನ ಹತ್ತುವ ಮಾತು ಎತ್ತಿದರೇ ನನ್ನ ಅಂಗೈ ಬೆವರುತ್ತದೆ.

"ಪರದೇಶದವ್ರ ಸಾಲಿನಾಗ ನಾನೂ ನಿಂದರ್ತೀನಿ" ಅಂದೆ. "ನನಗೂ ವೀಸಾ ತಗೀಲಿಕ್ಕೆ ಹೇಳು ಗುರೂಗ."

ನೀಮಾ ಬೆಂಕಿ ಆರಿಸಿದಳು. ಆಮೇಲೆ ಕಾಲಿನಿಂದ ಮಣೆಯೊಂದನ್ನು ನನ್ನ ಕಡೆ ಸರಿಸಿದಳು.

ಮೇಲೆ ಬಂದು ಯಜಮಾನರಿಗೆ ಹೇಳಿದ್ದಾಯಿತು. ಅವರು ಪೇಪರು ಮಡಚಿ, ನೀನು ವಿಮಾನ ಹತ್ತುತ್ತೀಯಾ ಎಂದು ಕೇಳಿದರು, ಅಷ್ಟೇ. ಎದೆ ಈಗಲೂ ಹೊಡೆದುಕೊಳ್ಳುತ್ತಿದೆ, ಆದರೆ ಅದರ ಜೊತೆಗೇ ತಲೆಯಲ್ಲಿ ಬೇರೆಯೊಂದು ವಿಚಾರ ಶುರುವಾಗಿದೆ. ಬೀಗರ ಊರಿಗೆ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಬೀಗಿತ್ತಿಯ ಸಮಾಧಿಗೆ ಏನು ಒಯ್ಯಬೇಕೆಂದು ನಾಳೆ ನೀಮಾಳನ್ನೇ ಕೇಳಬೇಕು.