ಅರ್ಧ ಬೀಸು

ನಮ್ಮ ಪೋಲೋ ಕ್ಲಬ್ಬಿನ ಹಾಲ್‌ನಲ್ಲಿ, ಟ್ರೋಫಿಗಳನ್ನು ಸಾಲಾಗಿ ಜೋಡಿಸಿಟ್ಟಿರುವ ಗಾಜಿನ ಕಪಾಟಿನ ಮೇಲೆ, ಸೋತ ಪಂದ್ಯವೊಂದರ ಫೋಟೋ ಇದೆ. ಗೆದ್ದ ಮೂವತ್ತೆರಡು ಟ್ರೋಫಿಗಳ ನೆತ್ತಿಯ ಮೇಲೆ ಸೋಲಿನ ಫೋಟೋ ಯಾಕೆ ಎಂದು ಹೊಸಬರು ಕೇಳುತ್ತಾರೆ. ಕೇಳಲಿ ಅಂತಲೇ ನಮ್ಮ ಮಾವ ಅದನ್ನು ಅಲ್ಲಿ ಹಾಕಿಸಿರುವುದು.

ಫೋಟೋದಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಓಡುವ ಕಂದು ಕುದುರೆಯ ಮೇಲಿದ್ದಾಳೆ. ಚೆಂಡು ಹೊಡೆಯುವ ಉದ್ದ ಕೋಲು ಅವಳ ಎಡಗೈಯಲ್ಲಿದೆ. ಪೋಲೋದಲ್ಲಿ ಅದು ತಪ್ಪು. ಎದುರುಬದುರು ಬರುವ ಕುದುರೆಗಳು ಡಿಕ್ಕಿ ಹೊಡೆಯಬಾರದು ಎಂದು ಎಲ್ಲರೂ ಬಲಗೈಯಲ್ಲೇ ಹೊಡೆಯಬೇಕು, ಎಡಗೈ ಲಗಾಮಿಗೆ ಮಾತ್ರ. ಆ ಗೋಲನ್ನು ಅಂಪೈರ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಒಂದು ಗೋಲಿನಿಂದ ಫೈನಲ್ ಹೋಯಿತು. ಮಾವ ಪ್ರತಿ ಹೊಸ ಬ್ಯಾಚಿಗೂ ಇದನ್ನು ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ನನ್ನ ಮಗಳೇ. ಹುಟ್ಟಿದಾಗಿನಿಂದ ಎಡಚಿ. ನಾಲ್ಕು ವರ್ಷ ತಿದ್ದಿದೆ, ಆದ್ರೂ ಕೊನೇ ಗಳಿಗೇಲಿ ಹಳೇ ಚಾಳಿ ತೋರಿಸಿಬಿಟ್ಲು."

ಆ ಮಗಳು ನನ್ನ ಅತ್ತಿಗೆ, ನನ್ನ ಗಂಡನ ಅಕ್ಕ. ಮದುವೆಯಾಗಿ ಏಳು ವರ್ಷ ಈ ಕಥೆ ಕೇಳುತ್ತಾ, ತಿಂಗಳಿಗೊಮ್ಮೆ ಆ ಫೋಟೋದ ಧೂಳು ಒರೆಸಿದವಳು ನಾನು. ಒಂದು ದಿನವೂ ಅದನ್ನು ಸರಿಯಾಗಿ ನೋಡಲಿಲ್ಲ. ಇದನ್ನು ಬರೆಯುವಾಗ ಮಾವನ ಮೇಲೆ ಎಷ್ಟು ಸಿಟ್ಟಿದೆಯೋ, ನನ್ನ ಮೇಲೂ ಅಷ್ಟೇ ಇದೆ.

ಆ ಫೈನಲ್ ಆದಮೇಲೆ ಅತ್ತಿಗೆ ಯಾವ ಪಂದ್ಯವನ್ನೂ ಆಡಲಿಲ್ಲ. ಮಾವ ಅವರನ್ನು ಮರದ ಕುದುರೆಯ ಹತ್ತಿರ ನಿಲ್ಲಿಸಿದರು. ಇಪ್ಪತ್ತೆರಡು ವರ್ಷವಾಯಿತು, ಅಲ್ಲೇ ಇದ್ದಾರೆ.

ಲಾಯದ ಹಿಂದೆ ತಗಡಿನ ಸೂರಿನ ಒಂದು ಕೊಠಡಿ. ನಾಲ್ಕೂ ಕಡೆ ಬಲೆ. ನಡುವೆ ಹಲಗೆಯಲ್ಲಿ ಮಾಡಿದ, ತಲೆಯಿಲ್ಲದ ಒಂದು ಕುದುರೆ, ಅದರ ಮೇಲೆ ನಿಜವಾದ ಜೀನು. ತಲೆ ಇರಬೇಕಾದ ಕಡೆ ಒಂದು ಗೂಟ, ಗೂಟಕ್ಕೆ ಲಗಾಮು. ನೆಲ ನಾಲ್ಕೂ ಕಡೆಯಿಂದ ನಡುವಿಗೆ ಇಳಿಜಾರಾಗಿದೆ, ಹೊಡೆದ ಚೆಂಡು ಬಲೆಗೆ ಬಡಿದು ತಾನಾಗಿಯೇ ಉರುಳಿ ಕುದುರೆಯ ಕಾಲಬುಡಕ್ಕೆ ವಾಪಸ್ ಬರುತ್ತದೆ. ಕಲಿಯುವವರು ಆ ಕುದುರೆಗೆ ಮುದುಕ ಎಂದು ಹೆಸರಿಟ್ಟಿದ್ದಾರೆ. ಮೊದಲ ಮೂರು ತಿಂಗಳು ಎಲ್ಲರೂ ಮುದುಕನ ಬೆನ್ನೇರಬೇಕು, ಅತ್ತಿಗೆಯ ಬಾಯಿಗೆ ಬೀಳಬೇಕು. "ಚೆಂಡು ಹೊಡಿ ಅಂದ್ರೆ ನೊಣ ಓಡಿಸ್ತೀಯಲ್ಲೋ," ಎನ್ನುತ್ತಾರೆ. ಒಬ್ಬ ಬ್ಯಾಂಕ್ ಮ್ಯಾನೇಜರ್ ಆಯ ತಪ್ಪಿ ಬಿದ್ದಾಗ, "ನಿಂತ ಕುದುರೆಯಿಂದ ಬಿದ್ದವರು ನೀವೇ ಮೊದಲು ಸಾರ್, ನಿಮ್ಮ ಫೋಟೋನೂ ಹಾಕಿಸ್ತೀವಿ," ಎಂದಿದ್ದರು. ಬೈಸಿಕೊಂಡವರು ಮರುದಿನ ಹತ್ತು ನಿಮಿಷ ಮೊದಲೇ ಬರುತ್ತಾರೆ.

ಆ ಕೊಠಡಿಯ ಬಾಗಿಲ ಮೇಲೆ ಒಂದು ಬೋರ್ಡ್ ಇದೆ. ಕೋಚಿಂಗ್ ಶುರುವಾದ ವರ್ಷ ಮಾವನೇ ಬರೆಸಿದ್ದು: "ಇಲ್ಲಿ ಯಾರೇ ಆಗಲಿ, ಕಲಿಯುವವರಿಂದ ಮಾಡಿಸುವುದನ್ನು ಮೊದಲು ತಾವು ಮಾಡಿ ತೋರಿಸಬೇಕು." ಮೂರು ಸಲದ ಚಾಂಪಿಯನ್ ಆದ ಮಾವನಿಗೆ ಈ ನಿಯಮ ಎಂದರೆ ಟ್ರೋಫಿಗಿಂತ ಹೆಚ್ಚು. ಒಮ್ಮೆ ಬೇರೆ ಕ್ಲಬ್ಬಿನ ಕೋಚ್ ಒಬ್ಬರು ಜೀನಿನಿಂದ ನೇತಾಡುವ ರಿಕಾಪಿಗೆ ಕಾಲಿಡದೆ ಅರ್ಧ ಗಂಟೆ ಕೂರು ಎಂದು ಒಬ್ಬ ಹುಡುಗಿಗೆ ಹೇಳಿದ್ದಕ್ಕೆ, ಮೊದಲು ನೀವು ಕೂತು ತೋರಿಸಿ ಎಂದು ಅವರನ್ನೇ ಹತ್ತಿಸಿದ್ದರು. ಆ ಕಥೆಯನ್ನೂ ಪ್ರತಿ ಬ್ಯಾಚಿಗೂ ಹೇಳುತ್ತಾರೆ.

ಅತ್ತಿಗೆ ಕಲಿಸುವುದು ಅರ್ಧ ಬೀಸು. ಕೋಲನ್ನು ತಲೆಯ ಮೇಲಿಂದ ಪೂರ್ತಿ ಸುತ್ತಿಸದೆ, ಭುಜದ ಮಟ್ಟದಿಂದ ಕೆಳಗಿಳಿಸಿ ಹೊಡೆಯುವುದು. ಪೂರ್ತಿ ಬೀಸನ್ನು ಮೂರು ತಿಂಗಳ ಮೇಲೆ ಮೈದಾನದಲ್ಲಿ ನನ್ನ ಗಂಡ ಕಲಿಸುತ್ತಾರೆ. ಇದು ಈ ಮನೆತನದ ವಿಶೇಷ ಪದ್ಧತಿ ಎಂದು ಪತ್ರಿಕೆಯಲ್ಲೂ ಬಂದಿದೆ. ಅರ್ಧ ಬೀಸಿನಿಂದ ಕಲಿತವರ ಗುರಿ ತಪ್ಪುವುದಿಲ್ಲವಂತೆ. ಮಾವ ಆ ಕಟಿಂಗನ್ನು ಫ್ರೇಮ್ ಹಾಕಿಸಿದ್ದಾರೆ.

ಈಗ ನನ್ನ ಮಗಳ ವಿಷಯ. ಪುಟ್ಟಿಗೆ ಆರು ವರ್ಷ. ಅವಳು ಚಮಚ ಹಿಡಿಯುವುದು, ಪೆನ್ಸಿಲ್ ಹಿಡಿಯುವುದು, ನನ್ನ ಜಡೆ ಎಳೆಯುವುದು ಎಲ್ಲ ಎಡಗೈಯಲ್ಲಿ. ನಾನು ಮೊದಲೇ ಹೆದರುಪುಕ್ಕಿ. ಹೆಲ್ಮೆಟ್ಟಿನ ಪಟ್ಟಿಯನ್ನು ಮೂರು ಸಲ ಎಳೆದು ನೋಡದೆ ಅವಳನ್ನು ಮುದುಕನ ಹತ್ತಿರವೂ ಬಿಡುವುದಿಲ್ಲ. ಎಡಗೈ ಕಂಡಾಗಿನಿಂದ ಇನ್ನೊಂದು ಭಯ ಹೊಕ್ಕಿತ್ತು. ಅದಕ್ಕೇ ಅವಳಿಗೆ ದಿನಾ ಹೇಳುತ್ತಿದ್ದೆ, ಅತ್ತೆ ಥರ ಎಡಗೈ ಮಾಡಬೇಡ ಎಂದು. ನೆನೆಸಿಕೊಂಡರೆ ಈಗ ಮುಖ ಎತ್ತಲಾಗುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಮಾವ ಅವಳ ಕೈಯನ್ನೇ ನೋಡುತ್ತಾ ಕೂತಿದ್ದರು. ಎದ್ದು ಹೋಗಿ ತಮ್ಮ ಕೋಣೆಯಿಂದ ಒಂದು ಚರ್ಮದ ಪಟ್ಟಿ ತಂದು ಮೇಜಿನ ಮೇಲಿಟ್ಟರು. ಹಳೆಯ ರಿಕಾಪಿನ ಪಟ್ಟಿ ಕತ್ತರಿಸಿ ಮಾಡಿದ್ದು, ಒಂದು ತುದಿಗೆ ಬಕಲ್. ನಾಳೆಯಿಂದ ಇವಳ ಎಡಗೈಯನ್ನು ಜೀನಿನ ಮುಂದಿರುವ ಕಬ್ಬಿಣದ ಬಳೆಗೆ ಕಟ್ಟಿ ಅಭ್ಯಾಸ ಮಾಡಿಸಬೇಕು, ಇವಳ ಅತ್ತೆಗೂ ಹೀಗೇ ಮಾಡಿದ್ದು, ಆದರೆ ನಾಲ್ಕು ವರ್ಷ ಸಾಲಲಿಲ್ಲ, ಇವಳಿಗೆ ಆರು ವರ್ಷ ಕಟ್ಟೋಣ ಎಂದರು. ಹಾಲಿನ ಪಾತ್ರೆ ಬದಲಾಯಿಸಿ ಅನ್ನುವಷ್ಟು ಸಲೀಸಾಗಿ ಹೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ತಟ್ಟೆ ನೋಡಿದರು. ಕೈ ತೊಳೆಯುವಾಗ ಅವರನ್ನು ಹಿಡಿದು ಕೇಳಿದ್ದಕ್ಕೆ, ಅಪ್ಪನಿಗೆ ಯಾರು ಹೇಳೋದು, ಸ್ವಲ್ಪ ದಿನ ನೋಡೋಣ ಎಂದರು. ಮೂರು ಫೈನಲ್ ಗೆದ್ದ ಮನುಷ್ಯ, ಎದುರಾಳಿ ಕುದುರೆಗೆ ಭುಜ ಕೊಟ್ಟು ತಳ್ಳುವ ಮನುಷ್ಯ, ಅಪ್ಪನ ಮುಂದೆ ನೆನೆದ ಹಪ್ಪಳ.

ನಾನು ಪಟ್ಟಿ ಹಿಡಿದುಕೊಂಡು ನೇರ ಅತ್ತಿಗೆಯ ಹತ್ತಿರ ಹೋದೆ. ಅವರು ಜೀನಿಗೆ ಎಣ್ಣೆ ಉಜ್ಜುತ್ತಿದ್ದರು. ನನ್ನ ಮಗುವಿಗೆ ಇದನ್ನು ಕಟ್ಟುವವರು ನೀವೇ ತಾನೇ, ಕಟ್ಟಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ, ನಿಮ್ಮಿಂದಲೇ ಇದೆಲ್ಲ ಶುರುವಾದದ್ದು, ಅವತ್ತು ಒಂದು ನಿಮಿಷ ಬಲಗೈಯಲ್ಲಿ ಹಿಡಿದುಕೊಳ್ಳಲು ನಿಮಗೇನಾಗಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ.

ಅತ್ತಿಗೆ ಬಟ್ಟೆ ಕೆಳಗಿಟ್ಟರು. ಬಲಗೈಯನ್ನು ನನ್ನ ಮುಂದೆ ಚಾಚಿ, ಅಂಗೈ ಮೇಲೆ ಮಾಡಲು ಹೋದರು. ಕೈ ಅರ್ಧ ತಿರುಗಿ ಅಲ್ಲಿಗೇ ನಿಂತಿತು.

"ಇಷ್ಟೇ ಹೋಗೋದು," ಎಂದರು. "ಇಪ್ಪತ್ತೆರಡು ವರ್ಷದಿಂದ."

ಆಮೇಲೆ ಎಣ್ಣೆ ಉಜ್ಜುತ್ತಲೇ ಹೇಳಿದರು. ಪೋಲೋ ಪಂದ್ಯವನ್ನು ಏಳೇಳು ನಿಮಿಷದ ಚಕ್ಕರ್‌ಗಳಾಗಿ ಆಡುತ್ತಾರೆ. ಫೈನಲ್‌ನ ಆರು ಚಕ್ಕರ್‌ಗಳಲ್ಲಿ ನಾಲ್ಕನೆಯದರಲ್ಲಿ ಎದುರಾಳಿಯ ಕೋಲು ಅವರ ಬಲ ಮಣಿಕಟ್ಟಿಗೆ ಬಿತ್ತು. ಲಾಯದ ಹಿಂದೆ ಹೋಗಿ ಕೈ ಮುರಿದಿದೆ ಎಂದು ಅಪ್ಪನಿಗೆ ತೋರಿಸಿದರು. ಅಂಪೈರ್‌ಗೆ ಹೇಳಿದ್ದರೆ ಬದಲಿ ಆಟಗಾರ ಇಳಿಯುತ್ತಿದ್ದ, ಆದರೆ ಅವನು ಅಷ್ಟೇನೂ ಚುರುಕಿನವನಲ್ಲ. ಕುದುರೆಯ ಕಾಲಿಗೆ ಸುತ್ತುವ ಕೆಂಪು ಬ್ಯಾಂಡೇಜನ್ನು ಮಾವ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿದರು, ಅಂಗಿಯ ತೋಳನ್ನು ಅದರ ಮೇಲೆಳೆದರು, ಎರಡೇ ಚಕ್ಕರ್ ಎಂದು ಹತ್ತಿಸಿದರು. ಕೊನೆಯ ನಿಮಿಷದಲ್ಲಿ ಚೆಂಡು ಗೋಲಿನ ಮುಂದೆ ಬಂದಾಗ ಬಲಗೈಯ ಬೆರಳುಗಳು ಕೋಲನ್ನು ಹಿಡಿಯಲೇ ಇಲ್ಲ. ಕೋಲು ಬೀಳಬಾರದೆಂದು ಎಡಗೈ ಹಿಡಿಯಿತು, ಹಿಡಿದ ಕೈ ಹೊಡೆಯಿತು.

ಆಗಷ್ಟೇ ಕೋಚಿಂಗ್ ಶುರುವಾಗಿತ್ತು. ಮುರಿದ ಕೈಯ ಮಗಳನ್ನು ಮೈದಾನಕ್ಕೆ ತಳ್ಳಿದ ಅಂತ ಗೊತ್ತಾದರೆ ಯಾರು ತಮ್ಮ ಮಕ್ಕಳನ್ನು ಕಳಿಸುತ್ತಾರೆ, ಬಾಯಿ ಬಿಡಬೇಡ ಎಂದರಂತೆ ಅಪ್ಪ. ಬಂದ ಅತಿಥಿಗಳೆಲ್ಲ ಹೋಗುವ ತನಕ ಒಂಬತ್ತು ದಿನ ಆಸ್ಪತ್ರೆಗೂ ಕರೆದೊಯ್ಯಲಿಲ್ಲ. ಮೂಳೆ ಸೊಟ್ಟಗೆ ಕೂಡಿತು.

"ಮಾಡಿ ತೋರಿಸದೆ ಕಲಿಸೋ ಹಾಗಿಲ್ಲ ಅಂತ ಬೋರ್ಡ್ ಇದೆಯಲ್ಲ," ಎಂದರು ಅತ್ತಿಗೆ. "ನನ್ನ ಕೈ ಹೋಗೋದು ಅರ್ಧ. ಅದಕ್ಕೇ ಅರ್ಧ ಬೀಸು. ಪದ್ಧತಿಯೂ ಇಲ್ಲ, ಮಣ್ಣೂ ಇಲ್ಲ."

ನಾನು ಓಡಿಹೋಗಿ ಫೋಟೋ ನೋಡಿದೆ. ಅಂಗಿಯ ಬಲತೋಳಿನ ಅಂಚಿನಿಂದ ಎರಡು ಬೆರಳಗಲ ಕೆಂಪು ಬಟ್ಟೆ ಹೊರಗೆ ಇಣುಕುತ್ತಿತ್ತು. ಕುದುರೆಯ ಕಾಲಿಗೆ ಸುತ್ತಿದ್ದದ್ದೂ ಅದೇ ಕೆಂಪು. ಏಳು ವರ್ಷ ಆ ಗಾಜು ಒರೆಸಿದ್ದೆ. ಮಗಳ ಮುರಿದ ಕೈಯನ್ನು ಗೋಡೆಗೆ ನೇತುಹಾಕಿ, ಅದನ್ನೇ ತೋರಿಸಿ ಪಾಠ ಹೇಳಿದ್ದರು ಈ ಮನುಷ್ಯ.

ಭಾನುವಾರ ಬೆಳಿಗ್ಗೆ ಮರದ ಕುದುರೆಯ ಕೊಠಡಿಯಲ್ಲಿ ಹನ್ನೊಂದು ಜನ ಕಲಿಯುವವರು, ಬಲೆಯ ಆಚೆ ಅವರ ಅಪ್ಪ ಅಮ್ಮಂದಿರು. ನಾನು ಪುಟ್ಟಿಯನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಗಂಡ ನನ್ನ ಪಕ್ಕದಲ್ಲಿ, ಮತ್ತೆ ನೆಲ ನೋಡುತ್ತಾ. ಮಾವ ಬಂದು, ಮಗುವನ್ನು ಹತ್ತಿಸಿ ಎಡಗೈ ಕಟ್ಟು ಎಂದು ಅತ್ತಿಗೆಗೆ ಹೇಳಿದರು.

"ಬೋರ್ಡ್ ಓದಿ ಅಪ್ಪ," ಎಂದರು ಅತ್ತಿಗೆ.

"ಇದು ಅದಕ್ಕೆ ಸೇರಲ್ಲ."

"ಯಾರೇ ಆಗಲಿ ಅಂತ ಬರೆಸಿದವರು ನೀವೇ. ನಿಮ್ಮದು ಬಲಗೈ. ಅದನ್ನ ಕಟ್ಟಿಸ್ಕೊಂಡು ಎಡಗೈಲಿ ಹೊಡೆದು ತೋರಿಸಿ. ಆಮೇಲೆ ಪುಟ್ಟಿಗೆ ಕಟ್ತೀನಿ."

ಯಾರೋ ಕಿಸಕ್ಕೆಂದರು. ಮಾವನಿಗೆ ಎಪ್ಪತ್ತೊಂದು. ಸವಾಲು ಎಂದರೆ ಸತ್ತರೂ ಬೆನ್ನು ತೋರಿಸದ ಜಾತಿ. ಕೋಟು ಕಳಚಿ ನನ್ನ ಗಂಡನ ಕೈಗೆಸೆದು ಮುದುಕನ ಮೇಲೆ ಹತ್ತಿ ಕೂತರು. ನಾನು ಪಟ್ಟಿ ಕೊಟ್ಟೆ. ಅತ್ತಿಗೆ ಅವರ ಬಲಗೈಯನ್ನು ಜೀನಿನ ಬಳೆಗೆ ಸೇರಿಸಿ ಬಕಲ್ ಬಿಗಿದರು, ಎಡಗೈಗೆ ಕೋಲು ಕೊಟ್ಟರು.

ಮೊದಲನೇ ಬೀಸು ಗಾಳಿಗೆ ಹೋಯಿತು. ಎರಡನೆಯದು ಮರದ ಕಾಲಿಗೆ ಬಡಿಯಿತು. ಕಲಿಯುವವರು ನಕ್ಕರು, ಮಾವನೂ ನಕ್ಕರು. ಮೂರನೆಯದರಿಂದ ನಗು ನಿಂತಿತು. ಐದನೆಯದಕ್ಕೆ ಕೋಲು ಚೆಂಡಿಗೆ ತಾಗಿತು. ಚೆಂಡು ಮೂರಡಿ ಹೋಗಿ, ಬಲೆಯನ್ನೂ ಮುಟ್ಟದೆ, ಇಳಿಜಾರಿನಲ್ಲಿ ಮೆಲ್ಲಗೆ ಉರುಳಿ ಅವರ ಕಾಲಬುಡಕ್ಕೇ ಬಂದು ನಿಂತಿತು. ಮತ್ತೆ ಹೊಡೆದರು, ಮತ್ತೆ ಬಂತು. ಅವರ ಮುಖ ಕೆಂಪಾಯಿತು, ಕಟ್ಟಿದ ಕೈ ಬಳೆಯಲ್ಲಿ ಎಳೆದಾಡುತ್ತಿತ್ತು. ಹದಿಮೂರು ಎಣಿಸಿದೆ. ಹೃದಯಕ್ಕೇನಾದರೂ ಆದೀತು ಎಂಬ ಭಯ ನನಗೆ, ನಿಲ್ಲಬಾರದು ಎಂಬ ಆಸೆಯೂ ನನಗೇ.

"ಬಿಚ್ಚು," ಎಂದರು ಮಾವ.

ಅತ್ತಿಗೆ ಕದಲಲಿಲ್ಲ. ಮಾವ ಎಡಗೈಯಿಂದ ತಾವೇ ಬಕಲ್‌ಗೆ ತಡಕಾಡಿದರು. ಆಗಲಿಲ್ಲ.

"ಆ ಫೋಟೋ ತೆಗೆದಾಗ ನನ್ನ ಬಲಗೈ ಮುರಿದಿತ್ತು," ಎಂದರು ಅತ್ತಿಗೆ, ಕಲಿಯುವವರಿಗೆ ಪಾಠ ಹೇಳುವ ದನಿಯಲ್ಲೇ. "ನಿಮಗೆ ಗೊತ್ತಿತ್ತಾ, ಇಲ್ವಾ?"

ಮಾವ ಬಲೆಯ ಆಚೆ ನಿಂತ ಅಪ್ಪ ಅಮ್ಮಂದಿರನ್ನು ನೋಡಿದರು. ನನ್ನ ಗಂಡ ಮೊದಲ ಸಲ ತಲೆ ಎತ್ತಿದರು. "ಅಕ್ಕ ಕೇಳ್ತಿದಾಳಲ್ಲ ಅಪ್ಪ, ಹೇಳಿ," ಎಂದರು.

"ಗೊತ್ತಿತ್ತು," ಎಂದರು ಮಾವ. "ಎರಡೇ ಚಕ್ಕರ್ ಉಳಿದಿತ್ತು."

ಅಷ್ಟೇ. ಅದು ಕ್ಷಮೆಯಲ್ಲ. ಇಪ್ಪತ್ತೆರಡು ವರ್ಷ ಮಗಳನ್ನು ಹಂಗಿಸಿದ್ದಕ್ಕೆ ಆ ಬಾಯಿಂದ ಬಂದದ್ದು ಗಡಿಯಾರದ ಲೆಕ್ಕ. ಅತ್ತಿಗೆ ಎಡಗೈಯಿಂದ ಒಂದೇ ಎಳೆತಕ್ಕೆ ಬಕಲ್ ಬಿಚ್ಚಿದರು. ಮಾವ ಇಳಿದು, ಕೋಟನ್ನೂ ಕೇಳದೆ ಹೊರಟುಹೋದರು.

ಒಬ್ಬ ತಾಯಿ ಆ ದಿನವೇ ತನ್ನ ಇಬ್ಬರು ಮಕ್ಕಳನ್ನು ಕ್ಲಬ್ಬಿನಿಂದ ಬಿಡಿಸಿಕೊಂಡು ಹೋದರು. ಅವರನ್ನು ತಪ್ಪು ಅನ್ನಲಾರೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಫೋಟೋ ಕಿತ್ತು ಬಿಸಾಡುತ್ತೇನೆ ಎಂದೆ. ಬೇಡ, ಕುದುರೆ ಚೆನ್ನಾಗಿ ಬಂದಿದೆ ಅದರಲ್ಲಿ ಎಂದರು ಅತ್ತಿಗೆ. ಈಗ ಹೊಸ ಬ್ಯಾಚಿಗೆ ಅದರ ಕಥೆ ಹೇಳುವವರು ಅವರೇ, ತೋಳಿನ ಕೆಂಪು ಬಟ್ಟೆಯ ಮೇಲೆ ಬೆರಳಿಟ್ಟು.

ಆ ಭಾನುವಾರ, ಮಾವ ಹೋದಮೇಲೆ, ಅತ್ತಿಗೆ ಪುಟ್ಟಿಯನ್ನು ಮುದುಕನ ಮೇಲೆ ಕೂರಿಸಿದರು. ನಾನು ಹೆಲ್ಮೆಟ್ ಪಟ್ಟಿ ಎಳೆದು ನೋಡಿದೆ, ಮೂರು ಸಲ. ಕೋಲು ಬಲಗೈಗೆ, ಆಟದ ನಿಯಮ ನಿಯಮವೇ. ಲಗಾಮು ಎಡಗೈಗೆ. ಕುದುರೆಗೆ ಮಾತು ತಲುಪೋದು ಈ ಕೈಯಿಂದ, ನಿನ್ನ ಒಳ್ಳೇ ಕೈ ಅದಕ್ಕೇ ಬೇಕು, ಇದನ್ನ ಕಟ್ಟಿಹಾಕೋರು ಪೆದ್ದರು ಎಂದರು ಅತ್ತಿಗೆ. ಪುಟ್ಟಿ ಬಲಗೈಯಲ್ಲಿ ಸೊಟ್ಟಪಟ್ಟ ಹೊಡೆದಳು. ಒಂಬತ್ತನೆಯದು ಬಲೆಗೆ ಬಡಿಯಿತು. ಅರ್ಧ ಆದಮೇಲೆ ಕೋಲು ಎಲ್ಲಿಗೆ ಹೋಗಬೇಕು ಅತ್ತೆ ಎಂದು ಕೇಳಿದಳು.

"ಅದನ್ನ ನಿಮ್ಮಪ್ಪ ತೋರಿಸ್ತಾನೆ," ಎಂದರು ಅತ್ತಿಗೆ. "ನನ್ನ ಕೈ ಅಲ್ಲಿಗೆ ಹೋಗಲ್ಲ."

ಕಲಿಯುವವರ ಮುಂದೆ ಅವರು ಹಾಗೆ ಹೇಳಿದ್ದು ಅದೇ ಮೊದಲು.

ಪಟ್ಟಿ ನನ್ನ ಹತ್ತಿರವೇ ಇದೆ, ನನ್ನ ಬೀರುವಿನಲ್ಲಿ, ಪುಟ್ಟಿಯ ಹಳೆಯ ಸ್ವೆಟರುಗಳ ಕೆಳಗೆ. ಒಳ್ಳೆಯ ಚರ್ಮ, ಯಾವುದಕ್ಕಾದರೂ ಬರುತ್ತದೆ ಎಂದು ಮಾವ ಎರಡು ಸಲ ಕೇಳಿದರು. ಎರಡು ಸಲವೂ ಕೊಡುವುದಿಲ್ಲ ಎಂದೆ.