ಗಂಟಿನಲ್ಲಿ ಹೋಗಿದ್ದ ಟೋಕನ್

ರಜೆಗೆ ಮನೆಗೆ ಹೊರಡುವ ದಿನ ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ಒಬ್ಬೊಬ್ಬಳ ಟ್ರಂಕನ್ನೂ ತೆರೆಸಿ ನೋಡುತ್ತಿದ್ದರು. ಮುಚ್ಚಳದ ಒಳಗೆ ಒಂದು ಪಟ್ಟಿ ಅಂಟಿಸಿರಬೇಕು. ಪಟ್ಟಿಯಲ್ಲಿ ಇರುವುದಷ್ಟೇ ಟ್ರಂಕಿನಲ್ಲಿ ಇರಬೇಕು. ಒಂದು ಸಲ ನಾನು ಕಪಾಟಿನಲ್ಲಿದ್ದುದನ್ನೆಲ್ಲ ಬಾಚಿ ತುಂಬಿಕೊಂಡಾಗ ಸ್ಟೋರ್‌ರೂಮಿನ ಬೀಗದ ಕೈಯೂ ಅದರೊಳಗೆ ಸೇರಿಬಿಟ್ಟಿತ್ತು. ಸಿಸ್ಟರ್ ಬಯ್ಯಲಿಲ್ಲ. “ಓನ್ಲಿ ಲೇಝಿ ಗರ್ಲ್ಸ್ ಪ್ಯಾಕ್ ಎವ್ರಿಥಿಂಗ್,” ಎಂದು ಕೈ ಚಾಚಿದರು. ಆ ಚಾಚಿದ ಕೈ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಾಠ ಮಾತ್ರ ಮರೆತುಹೋಗಿತ್ತು.

ದೇವನಹಳ್ಳಿಗೆ ಏರ್‌ಪೋರ್ಟ್ ಬಂದು, ಮಾತಿನ ನಡುವೆ ವಿಮಾನ ದಾಟುವವರೆಗೆ ಬಾಯಿ ಮುಚ್ಚಿಕೊಂಡು ಕಾಯುವುದು ನಮಗೆಲ್ಲ ರೂಢಿಯಾಗಿದ್ದ ಕಾಲ. ನನ್ನ ಮನೆಯ ಮಹಡಿಯನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳು ಬಾಡಿಗೆಗೆ ಹಿಡಿದು ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಳು. ಸುತ್ತಲಿನ ಗುಲಾಬಿ ಬೆಳೆಗಾರರ, ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸುಗಳಲ್ಲಿ ಯಾವ ಹೊತ್ತಿಗೆ ಎಷ್ಟು ನೀರು ಬಿಡಬೇಕೆಂದು ಮೋಟಾರಿಗೆ ಹೇಳುವ ಪ್ರೋಗ್ರಾಮ್ ಅವರದು. ಅಲ್ಲಿದ್ದ ಗಡ್ಡದ ಇಂಜಿನಿಯರ್ ಕೂಡ ನನ್ನ ಕ್ಲಾಸಿನಲ್ಲೇ ಇಂಗ್ಲಿಷ್ ಕಲಿತವನು. ಕಲಿತವನು ಎನ್ನುವುದು ನನ್ನ ಸೌಜನ್ಯ. ನಿವೃತ್ತಳಾಗಿ ಸುಮ್ಮನೆ ಕೂತಿದ್ದ ನನಗೆ ಅವರು ಹೆಲ್ಪ್ ಪುಸ್ತಕ ಬರೆಯುವ ಕೆಲಸ ಕೊಟ್ಟರು. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ಎರಡು ಭಾಷೆಯಲ್ಲಿ, ಚಿತ್ರ ಸಮೇತ.

ಅವರು ಕೋಡ್ ಬರೆದಿಟ್ಟ ಮೇಲೆ, ಇಂಟರ್ನೆಟ್ಟಿನಲ್ಲಿ ಎಲ್ಲೋ ಇರುವ ಯಂತ್ರವೊಂದು ಅದನ್ನು ತೆಗೆದುಕೊಂಡು, ಜೋಡಿಸಿ, ಜಿಪ್ ಫೈಲಾಗಿ ಗಂಟು ಕಟ್ಟಿ ಇಡುತ್ತಿತ್ತು. ಅದಕ್ಕೆ ಬಿಲ್ಡ್ ಎನ್ನುತ್ತಿದ್ದರು. ಆ ಗಂಟನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಕೋಡೆಲ್ಲ ಓಪನ್ ಆಗಿರಬೇಕೆಂಬುದು ನನ್ನ ವಿದ್ಯಾರ್ಥಿನಿಯ ಐಡಿಯಲಿಸಂ. ನಾನೂ ದಿನಾ ಇಳಿಸಿಕೊಂಡು ನನ್ನ ಪುಟಗಳನ್ನು ನೋಡುತ್ತಿದ್ದೆ. ದಿನಾ ಒಂದಲ್ಲ ಒಂದು ಚಿತ್ರ ಬಿಟ್ಟುಹೋಗಿರುತ್ತಿತ್ತು. “ಪೇಜ್ ಹನ್ನೆರಡರ ಚಿತ್ರ ಎಲ್ಲಿ? ಇದೇನು ಹೋಮ್‌ವರ್ಕ್ ಮಾಡೋ ರೀತೀನಾ?” ಎಂದು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದೆ.

ಆಮೇಲೆ ಒಂದು ದಿನದಿಂದ ಚಿತ್ರಗಳೆಲ್ಲ ಸರಿಯಾಗಿ ಬರತೊಡಗಿದವು. ನನ್ನ ಡಿಸಿಪ್ಲಿನ್ನಿನ ಮಹಿಮೆ ಎಂದು ಹಿಗ್ಗಿದೆ.

ಅದಾಗಿ ಹನ್ನೊಂದನೆಯ ದಿನ ಗಂಟು ಬಿಚ್ಚಿದಾಗ, ಚುಕ್ಕೆಯಿಂದ ಹೆಸರು ಶುರುವಾಗುವ ಒಂದು ಫೋಲ್ಡರ್ ಮೇಲೆ ಕಣ್ಣು ಬಿತ್ತು. ಮಹಡಿಯವರ ಕಂಪ್ಯೂಟರುಗಳಲ್ಲಿ ಅಂಥವು ಮರೆಯಾಗಿರುತ್ತವಂತೆ. ನನ್ನ ಹಳೆಯದಕ್ಕೆ ಅಷ್ಟು ನಾಜೂಕಿಲ್ಲ, ಎಲ್ಲವನ್ನೂ ತೋರಿಸಿಬಿಡುತ್ತದೆ. ಒಳಗೊಂದು ಫೈಲಿನಲ್ಲಿ ‘ಆಥರೈಸೇಶನ್’ ಎಂಬ ಪದ, ಅದರ ಮುಂದೆ ತಲೆಬುಡವಿಲ್ಲದ ಉದ್ದನೆಯ ಅಕ್ಷರಗಳ ಸಾಲು. ಯಾರೋ ಕೀಬೋರ್ಡಿನ ಮೇಲೆ ಕೂತಿರಬೇಕು ಎಂದುಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡೇ ಮಹಡಿ ಹತ್ತಿದೆ.

“ಏನೇ ಇದು? ನನ್ನ ಪುಸ್ತಕಕ್ಕೆ ಸೇರಿದ್ದಾ?”

ಅವಳು ನೋಡಿದಳು. “ಮಿಸ್, ಇದು ಟೋಕನ್ನು. ನಂದು.”

ಕೋಡ್ ಇಟ್ಟಿದ್ದ ಜಾಗಕ್ಕೆ ಅದೇ ಬೀಗದ ಕೈ. ಒಳಗೆ ಹೋಗಲೆಂದು ಬಿಲ್ಡ್ ಯಂತ್ರಕ್ಕೆ ಕೊಟ್ಟಿದ್ದನ್ನು ಅದು ಆ ಫೋಲ್ಡರಿನಲ್ಲಿ ಬರೆದಿಟ್ಟುಕೊಂಡಿತ್ತು. ಅದು ಕೈಗೆ ಸಿಕ್ಕವರು ಪ್ರೋಗ್ರಾಮಿನಲ್ಲಿ ಏನನ್ನಾದರೂ ತಿದ್ದಬಹುದು, ತಿದ್ದಿದ್ದು ತಾನಾಗಿಯೇ ಮೋಟಾರುಗಳಿಗೆ ತಲುಪುತ್ತದೆ. ನೀರು ಬಿಡಬೇಡ ಎಂದು ಒಂದು ಸಾಲು ಬರೆದರೆ ಗಿಡ ಬಾಡುವುದಕ್ಕೆ ಬೇಸಿಗೆಯ ಎರಡು ಮಧ್ಯಾಹ್ನ ಸಾಕು. ಆ ಟೋಕನ್ನಿಗೆ ಕೊನೆಯ ದಿನವೂ ಇರಲಿಲ್ಲ. ಮತ್ತೆ ಮತ್ತೆ ಹೊಸದು ಮಾಡಿಸುವ ರಗಳೆ ಬೇಡವೆಂದು ಅವಳೇ ಹಾಗೆ ಇಟ್ಟಿದ್ದಳು.

“ಗಂಟಿಗೆ ಇದನ್ನ ಹಾಕಿದ್ದು ಯಾರು?” ಎಂದೆ.

ಗಡ್ಡದವನು ಎದ್ದು ನಿಂತ. “ನಾನೇ ಮಿಸ್. ಮೊದ್ಲು ಬೇಕಾದ ಫೈಲ್ ಮಾತ್ರ ಲಿಸ್ಟ್ ಮಾಡಿದ್ದೆ. ನೀವು ದಿನಾ ಚಿತ್ರ ಎಲ್ಲಿ, ಚಿತ್ರ ಎಲ್ಲಿ ಅಂತ ಬೈತಿದ್ರಲ್ಲ. ತಲೆನೋವೇ ಬೇಡ ಅಂತ ಇಡೀ ಫೋಲ್ಡರ್ ಕಟ್ಟು ಅಂತ ಬರೆದ್ಬಿಟ್ಟೆ.”

“ಗಡ್ಡ ನೆರೀತಾ ಬಂತಲ್ಲೋ, ಇನ್ನೂ ನಂಗೆ ಹೆದರ್ತೀಯಾ?”

“ನೀವು ಬೈಯೋದು ನಿಲ್ಸಿದ್ರೆ ತಾನೆ ಮಿಸ್!”

ಸದ್ಯ, ಆಗಲೇ ಒಂದು ವಿಮಾನ ಬಂತು. ಉತ್ತರ ಕೊಡುವುದು ತಪ್ಪಿತು.

ಸಂಜೆಯೊಳಗೆ ಟೋಕನ್ ರದ್ದು ಮಾಡಿದರು, ಹನ್ನೊಂದು ದಿನದ ಗಂಟುಗಳನ್ನೂ ಅಳಿಸಿದರು. ಕೋಡಿನಲ್ಲಿ ಆಗಿದ್ದ ಒಂದೊಂದು ಬದಲಾವಣೆಯನ್ನೂ ತೆಗೆದು ನೋಡಿದರು. ಎಲ್ಲವೂ ಅವರೇ ಮಾಡಿದ್ದು.

“ಯಾರೂ ಬಂದಿಲ್ಲ ಮಿಸ್. ಬೆಳೆಗಾರರಿಗೆ ಹೇಳೋದು ಬೇಡ,” ಎಂದಳು ಅವಳು. “ಎರಡು ವರ್ಷ ಅಲೆದು ಒಪ್ಪಿಸಿದೀನಿ. ಹೇಳಿದ್ರೆ ಎಲ್ರೂ ಕಿತ್ತು ಬಿಸಾಕ್ತಾರೆ, ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಷ್ಟೆ.”

ಎಕ್ಸಾಮಿನೇಶನ್ ಆಫ್ ಕಾನ್ಷನ್ಸ್, ಅಂದರೆ ಆತ್ಮಶೋಧನೆಯ ಕುರಿತು ನನ್ನಲ್ಲಿ ಒಂದು ಭಾಷಣ ಸದಾ ಸಿದ್ಧವಿರುತ್ತದೆ. ಅವತ್ತು ಅದು ಬಾಯಿಗೆ ಬರಲಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಆಗಿತ್ತು. “ಹೇಳಲೇಬೇಕು ಕಣೇ. ನಾನೂ ಬರ್ತೀನಿ,” ಎಂದೆ.

ಪ್ರೋಗ್ರಾಮನ್ನು ಮೊಟ್ಟಮೊದಲು ಹಾಕಿಸಿಕೊಂಡಿದ್ದ ಬೂದಿಗೆರೆಯ ಬೆಳೆಗಾರರೊಬ್ಬರ ಹತ್ತಿರ ಮೊದಲು ಹೋದೆವು. ದಾರಿಯಲ್ಲಿ, ಹಿಂದೆ ನಾನು ಕಂಡಿದ್ದ ದ್ರಾಕ್ಷಿ ತೋಟಗಳ ಜಾಗದಲ್ಲಿ ಲೇಔಟಿನ ಕಲ್ಲುಗಳು. ಅವರು ಹೂವಿನ ಬಕೆಟ್ಟುಗಳ ನಡುವೆ ನಿಂತೇ ಕೇಳಿಸಿಕೊಂಡರು.

“ಬೀಗದ ಕೈ ಬೀದೀಲಿ ಮಡಗಿದ್ರಿ ಅನ್ನಿ.”

“ಹೂಂ ಅಣ್ಣ,” ಎಂದಳು ಅವಳು. “ಈಗ ಬೀಗಾನೇ ಬದಲಾಯ್ಸಿದೀವಿ. ಒಳಗೆ ಯಾರೂ ಬಂದಿಲ್ಲ, ಸಾಲು ಸಾಲೂ ನೋಡಿದೀವಿ.”

“ಇನ್ನೊಂದು ಕಿತ ಹಿಂಗಾಗಲ್ಲ ಅಂತ ಏನು ಗ್ಯಾರಂಟಿ?”

ಅವಳು ನನ್ನ ಮುಖ ನೋಡಿದಳು. ನಾನು ಚಿತ್ರಗಳ ಕಥೆ ಒಪ್ಪಿಕೊಂಡು, ಟ್ರಂಕಿನ ಪಟ್ಟಿಯ ಕಥೆಯನ್ನೂ ಹೇಳಿದೆ.

“ಅಲ್ಲ ಟೀಚರಮ್ಮ, ಏರ್‌ಪೋರ್ಟಿಗೆ ಹೂವ ಕಳ್ಸೋವಾಗ ನಾವೇನು ತೋಟಾನೇ ಬಾಕ್ಸಿಗೆ ತುಂಬ್ತೀವಾ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆ ಪಟ್ಟಿ ನೀವೇ ಬರೀರಿ. ಅದು ಆಗೋಗಂಟ ಮೋಟ್ರು ನಾನೇ ಕೈಯಲ್ಲಿ ಹಾಕ್ಕೊಂತೀನಿ,” ಎಂದರು. ವಾಪಸ್ ಬರುವಾಗ ಅವಳು ಕಾರಿನಲ್ಲಿ ಸದ್ದಿಲ್ಲದೆ ಅತ್ತಳು.

ಉಳಿದ ಬೆಳೆಗಾರರಿಗೂ ವಿಷಯ ತಿಳಿಸಿ, ನಾನು ಪಟ್ಟಿ ಬರೆದೆ. ಅದರಲ್ಲಿ ಇಲ್ಲದ್ದು ಗಂಟಿಗೆ ಸೇರದಂತೆ ಗಡ್ಡದವನು ಬಿಲ್ಡ್ ತಿದ್ದಿದ. ಹೊಸ ಟೋಕನ್ ಕೋಡನ್ನು ಓದುವುದಕ್ಕಷ್ಟೇ. ಕೆಲಸ ಮುಗಿದೊಡನೆ ಸತ್ತುಹೋಗುತ್ತದೆ, ಯಂತ್ರ ಅದನ್ನು ಬರೆದಿಟ್ಟುಕೊಳ್ಳುವಂತೆಯೂ ಇಲ್ಲ. ಅದರ ಮೇಲೆ, ಗಂಟು ಹೊರಡುವ ಮುಂಚೆ ಅಂಥ ಅಕ್ಷರಗಳೇನಾದರೂ ಒಳಗಿವೆಯೇ ಎಂದು ಹುಡುಕುವ ಕಾವಲು. ಒಂದು ವಾರದ ಮೇಲೆ ಬೂದಿಗೆರೆಯಿಂದ ಫೋನ್ ಬಂತು: ಮೋಟ್ರು ಮತ್ತೆ ನಿಮ್ಮ ಕೈಗೇ ಬಿಟ್ಟಿದೀನಿ.

ಮರುದಿನ ಬೆಳಿಗ್ಗೆ ಗಂಟು ಇಳಿಸಿ ನೋಡಿದೆ. ಸ್ವಚ್ಛವಾಗಿತ್ತು. ಪೇಜ್ ಹನ್ನೆರಡರ ಚಿತ್ರ ಮಾತ್ರ ಇರಲಿಲ್ಲ. ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ಗಡ್ಡದವನ ಹೆಸರು ಹಿಡಿದು ಜೋರಾಗಿ ಕೂಗಿದ ಮೇಲೆ, ಪಟ್ಟಿ ಬರೆದವಳು ನಾನೇ ಎಂಬುದು ನೆನಪಾಯಿತು.

“ಏನು ಮಿಸ್?” ಮೇಲಿನಿಂದ ಗಾಬರಿಯ ದನಿ.

“ಏನಿಲ್ಲಪ್ಪ. ಕಾಫಿ ಆಗಿದೆ, ಬನ್ನಿ ಅಂದೆ,” ಎಂದು ಹೇಳಿ, ಕಾಫಿಗೆ ನೀರಿಡಲು ಒಳಗೆ ಓಡಿದೆ.