ಬಸ್ ಹಸೀ ಐತೋ, ಒಣಾ ಐತೋ

ದೀಪಾವಳಿ ದಾಟಿ, ಡ್ಯಾಮಿನ ಹಿನ್ನೀರಿನ ಮ್ಯಾಲೆ ಮುಂಜಾನಿ ಮಂಜು ಕುಂದ್ರಾಕ ಚಾಲೂ ಆತಂದ್ರ ನಮ್ಮ ರೂಟಿನ ಮಂದಿಗೆಲ್ಲಾ ಒಂದ ಚಿಂತಿ. ಮಳಿ ಹೋಗೇ ಬಿಟ್ತೋ, ಇನ್ನೊಂದ ಸಲ ಬಂದು ಹೋಗತೈತೋ? ನಾ ಬಸ್ಸಿನ ಲೇಡಿ ಕಂಡಕ್ಟರ್. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಮತ್ತ ಅದ ದಾರಿ ಹಿಡದು ವಾಪಸ್. ಟಿಕೀಟ್ ಕೇಳೂದಕ್ಕಿಂತ ಮೊದಲ ಮಂದಿ ನನಗ ಮಳಿ ಕೇಳತಾರ.

ಮೊಬೈಲಿನ್ಯಾಗ ಹವಾಮಾನ ಬರತೈತಿ, ಖರೆ. ‘ಜಿಲ್ಲೆಯ ಕೆಲವೆಡೆ ಮಳೆ ಸಾಧ್ಯತೆ’ ಅಂತೈತಿ. ಕೆಲವೆಡೆ ಅಂದ್ರ ಎಲ್ಲಿ ರೀ? ನಮ್ಮ ಹೊಲದಾಗೋ, ಮಗ್ಗಲದವರ ಹೊಲದಾಗೋ? ಅದಕ್ಕ ನಮ್ಮ ಕಡೆ ಮಂದಿ ಬಸ್ ನೋಡತಾರ. ಬಸ್ ತೋಯಿಸ್ಕೊಂಡ ಬಂದ್ರ ಅದು ಬಂದ ದಿಕ್ಕಿನ್ಯಾಗ ಮಳಿ ಐತಿ ಅಂತ ಲೆಕ್ಕ. ಧೂಳ ಹಾರಿಸ್ಕೋತ ಬಂದ್ರ ಆರಾಮ ಚಾ ಕುಡೀತಾರ.

ಹ್ವಾದ ವರ್ಷ ಆ ಚಿಂತಿ ನನಗೂ ಹತ್ತಿತ್ತು. ಸವದತ್ತಿ ಈಚೆ ಹಿನ್ನೀರಿನ ದಂಡಿಗೆ ನಮ್ಮಕ್ಕನ ಊರು. ಆಕಿ ಗಂಡ ತೀರಿಕೊಂಡ ಮ್ಯಾಲೆ ಮೊದಲ ಸಲ ತಾನ ಹೊಲಕ್ಕ ಇಳದು ಉಳ್ಳಾಗಡ್ಡಿ ಹಾಕಿದ್ಲು. ಆಕಿ ಮೈದುನ ಊರ ಮಂದಿ ಎದುರಿಗೇ ಅಂದಿದ್ದ, “ವೈನಿ, ಈ ಬೆಳಿ ಕೈಗೆ ಬಂದ್ರ ನಿಂದು. ಬರಲಿಲ್ಲಂದ್ರ ಮುಂದಿನ ವರ್ಷದಿಂದ ಹೊಲ ನಾ ಮಾಡ್ತೇನಿ, ನೀ ಮನ್ಯಾಗ ಕುಂದ್ರು.” ಅಕ್ಕ “ಹೂಂ” ಅಂದಿದ್ಲು. ಬೆಳಿ ಭರಪೂರ ಬಂತು. ಕಿತ್ತು, ರಸ್ತಾದ ಮಗ್ಗಲಕ್ಕ ಹೊಲದಾಗ ಒಣಗಾಕ ಹರವಿದ್ಲು. ಕೆಂಪಗ, ಎಷ್ಟ ಚಂದ! ಒಂದ ಜೋರ ಮಳಿ ಬಿದ್ರ ಮಾತ್ರ ಎಲ್ಲಾ ಕೊಳತು ಹೋಗತಿತ್ತು. ಅದರ ಜೋಡಿ ಹೊಲಾನೂ ಹೋಗತಿತ್ತು.

ಆ ದಿನ ಬಂಗಾಳ ಕೊಲ್ಲಿಯೊಳಗ ಏನೋ ಎದ್ದೈತಿ ಅಂತ ಮೊಬೈಲ್ ಒದರಾಕತ್ತಿತ್ತು. ಮ್ಯಾಲೆ ನೋಡಿದ್ರ ಬಿಸಲು ಝಳಝಳ. ಕಿತ್ತೂರಿನ್ಯಾಗ ಒಬ್ಬ ಅಜ್ಜ ಬಸ್ಸಿನ ಟಾಪಿಗೆ ಕಾಕಂಬಿ ಡಬ್ಬಿ ಏರಿಸಿದ್ದ. ಗಾಣದಿಂದ ಆಗಷ್ಟ ತಂದ ಬೆಲ್ಲದ ಪಾಕ. ಚಚಡಿ ಹತ್ರ ಬರೂದ್ರಾಗ ಅದರ ಮುಚ್ಚಳ ಹಾರಿ, ಕಾಕಂಬಿ ಎಲ್ಲಾ ಕಿಡಕಿ ಮ್ಯಾಲೆ ಇಳೀತು. ಎಲ್ಲಿದ್ವೋ ಏನೋ, ಜೇನ್ನೊಣ ಒಳಗ ನುಗ್ಗಿದ್ವು ನೋಡ್ರಿ! ಮಂದಿ ಚೀರಾಡೂದೇನು, ಸೆರಗ ಹೊತಗೊಳ್ಳೂದೇನು! ಡ್ರೈವರಣ್ಣ ರಸ್ತಾದ ಮಗ್ಗಲದ ಹೊಲದಾಗ ಪಂಪಸೆಟ್ಟಿನ ಪೈಪ್ ಹಿಡದು ಬಸ್ಸಿಗೆ ತಲಿ ಮ್ಯಾಲಿಂದ ಸ್ನಾನಾ ಮಾಡಿಸಿದ.

ನೀರ ಸುರಿಸ್ಕೋತ ಅಕ್ಕನ ಊರ ಮುಂದ ಬಂದ್ವಿ. ಗಿಡದ ಬುಡಕ ಕುಂತ ಮಂದಿ ಬಸ್ ನಿಲ್ಲೂತನಾ ಕಾಯಲಿಲ್ಲ. “ಬಂತೋ ಮಳಿ!” ಅಂತ ಒಬ್ಬ ಒದರಿದ, ಊರಿಗೂರ ಹೊಲಕ್ಕ ಓಡ್ತು. ನಾ ಬಾಗಲದಾಗ ನಿಂತು “ಮಳಿ ಅಲ್ಲರಿ, ಕಾಕಂಬಿ!” ಅಂತ ಗಂಟ್ಲ ಹರಕೊಂಡ್ರೂ ಯಾರ ಕೇಳತಾರ? ಅಕ್ಕ ಒಬ್ಬಾಕೀನ ತಾಡಪತ್ರಿ ಎಳದು ಎಳದು ಉಳ್ಳಾಗಡ್ಡಿ ಮುಚ್ಚಿದ್ಲು. ಖರೆ ಸುದ್ದಿ ಗೊತ್ತಾದ ಮ್ಯಾಲೆ ಊರೆಲ್ಲಾ ಹೊಟ್ಟಿ ಹಿಡಕೊಂಡು ನಕ್ತು. ಅಕ್ಕ ನಗಲಿಲ್ಲ. ಬಿಸಲಾಗ ಮುಚ್ಚಿಟ್ರ ಉಳ್ಳಾಗಡ್ಡಿ ಬೆವರತಾವು, ಅದಕ್ಕ ಮತ್ತ ಎಲ್ಲಾ ತಗೀಬೇಕಾತು. “ಹೋಗ, ಹೋಗ, ನಿನ್ನ ಬಸ್ಸಿಗೆ ಬೆಂಕಿ ಹತ್ಲಿ” ಅಂತ ನನ್ನ ಕಳಿಸಿದ್ಲು.

ಸವದತ್ತಿ ದಾಟಿ ರಾಮದುರ್ಗ ಮುಟ್ಟೂದ್ರಾಗ ಮೂಡಲದ ಕಡೆ ಆಕಾಶ ಕರ್ರಗ. ಬಸ್ ಸ್ಟ್ಯಾಂಡಿನ್ಯಾಗ ಬಸ್ ಹೊರಳಿಸೂದ್ರಾಗ ಧೋ ಅಂತ ಸುರದ ಬಿಡ್ತು. ಅಕ್ಕಗ ಫೋನ್ ಹಚ್ಚಿದೆ.

“ಅಕ್ಕಾ, ಇಲ್ಲಿ ಭಯಂಕರ ಮಳಿ! ನಿಮ್ಮ ಕಡೇನ ಬರಾಕತ್ತೈತಿ, ಲಗೂನ ಮುಚ್ಚು!”

“ಹೌದವ್ವಾ, ಈಗ ಯಾರ ಡಬ್ಬಿ ಚೆಲ್ಲಿತು?” ಅಂದು ಫೋನ್ ಇಟ್ಲು. ಮತ್ತ ಹಚ್ಚಿದ್ರ ಎತ್ತಲಿಲ್ಲ.

“ಅಣ್ಣಾ, ನಮ್ಮಕ್ಕನ ಹೊಲ ನಿನ್ನ ಕೈಯಾಗ ಐತಿ” ಅಂದೆ. ಡ್ರೈವರಣ್ಣ ಗೇರ್ ಹಾಕಿದ. ಯಪ್ಪಾ, ಆ ಓಟ! ಮಳಿ ನಮ್ಮ ಬೆನ್ನ ಹತ್ತಿತ್ತು. ನಾವು ಸ್ಟಾಪಿಗೆ ನಿಂತ್ರ ಅದು ನಮ್ಮ ದಾಟತಿತ್ತು, ಬಸ್ ಬಿಟ್ಟ ಕೂಡಲೆ ಮತ್ತ ನಾವು ಅದನ್ನ ದಾಟತಿದ್ವಿ. ಬಸ್ಸಿನ್ಯಾಗಿನ ಮಂದಿಗೆ ವಿಷಯ ಗೊತ್ತಾಗಿ, “ಹೊಡೀರಿ ಸಾಹೇಬ್ರ, ಹೊಡೀರಿ!” ಅಂತ ಸೀಟ ಬಡದು ಹುರಪ ತುಂಬಾಕತ್ರು. ಸವದತ್ತಿ ದಾಟಿದ್ವಿ. ಹಿನ್ನೀರು ಕಂಡ್ತು. ಹಿಂದ ಕತ್ತಲಿ, ಮುಂದ ಬಂಗಾರದಂಥಾ ಬಿಸಲು. ಅಂಜಿಕಿ ಇದ್ರೂ ನನಗ ನಗು ತಡೀವಲ್ದು, ಅಷ್ಟ ಖುಷಿ!

ಅಕ್ಕನ ಊರ ಮುಂದ ನಮ್ಮ ತೊಯ್ದ ಬಸ್ ನಿಂತ ಕೂಡಲೆ ಗಿಡದ ಬುಡಕಿನ ಮಂದಿ ಚಪ್ಪಾಳಿ ಹೊಡದ್ರು. “ಬರ್ರಿ ಬರ್ರಿ, ಮತ್ತ ಜಳಕಾ ಆತೇನ್ರಿ?” ಒಬ್ಬರೂ ಏಳಲಿಲ್ಲ. ನಾ ಹಾರಿ ಇಳದೆ. ಅಕ್ಕ ಬದುವಿನ ಮ್ಯಾಲೆ ನಡಕ್ಕ ಕೈ ಇಟಗೊಂಡು ನಿಂತಿದ್ಲು. ಮೈದುನ ಅಲ್ಲೇ ಮಗ್ಗಲಕ್ಕ ನಗಾಕತ್ತಿದ್ದ. ಅಕ್ಕ ನನ್ನ ಮಾರಿ ನೋಡಲಿಲ್ಲ, ಸೀದಾ ಬಸ್ಸಿನ ಗಾಲಿ ನೋಡಿದ್ಲು. ಗಾಲಿಗೆ, ಮಡಗಾರ್ಡಿಗೆ ಎರಿ ಮಣ್ಣಿನ ಹಸೀ ರಾಡಿ ದಪ್ಪಗ ಮೆತ್ತಿತ್ತು.

“ರಾಡಿ! ಇದು ಪಂಪಿನ ನೀರಲ್ಲೋ! ಖರೇನ ಮಳಿ!” ಅಂತ ಒದರಿ ಓಡಿದ್ಲು.

ಟಿಕೀಟ್ ಮಶೀನ್ ಡ್ರೈವರಣ್ಣನ ಕೈಯಾಗ ಕೊಟ್ಟು ನಾನೂ ಓಡಿದೆ. ಹಿಂದ ನೋಡಿದ್ರ ಬಸ್ಸಿನ ಅರ್ಧ ಮಂದಿ ಇಳದು ಬರಾಕತ್ತೈತಿ! ಒಂದೊಂದ ತಾಡಪತ್ರಿಗೆ ನಾಕ ನಾಕ ಕೈ. ಕಡೀ ತಾಡಪತ್ರಿ ಹಾಸೂದ್ರಾಗ ಗಾಳಿ ಬೀಸಿ ಅದು ಹಾರಾಕ ಹತ್ತಿತು. ಅದರ ಒಂದ ಮೂಲಿ ಅಕ್ಕ ಹಿಡದಿದ್ಲು, ಇನ್ನೊಂದ ಮೂಲಿ ಯಾರೋ ಓಡಿ ಬಂದು ಹಿಡದು, ಮ್ಯಾಲೆ ಕಲ್ಲ ಇಟ್ಟು ಕುಂತ್ರು. ಹನಿ ದಪ್ಪದಪ್ಪ ಬೀಳಾಕ ಹತ್ತಿದ ಮ್ಯಾಲೆ ಕಣ್ಣ ಒರಸ್ಕೊಂಡು ನೋಡಿದೆ, ಆಕಿ ಮೈದುನ!

ಅಕ್ಕನೂ ನೋಡಿದ್ಲು. ಮಳ್ಯಾಗ ಪೂರಾ ತೊಯ್ದು, ತಲಿ ಮ್ಯಾಲೆ ಸೆರಗೂ ಇಲ್ಲ, ಹಲ್ಲ ಕಿಸದು ನಗಾಕತ್ತಿದ್ಲು.

“ಮುಂದಿನ ವರ್ಷನೂ ಬಾರೋ ಮೈದುನಾ, ನಿನಗ ಕೂಲಿ ಕೊಡ್ತೇನಿ!”

ಆತ ಕಲ್ಲಿನ ಮ್ಯಾಲಿನ ಕೈ ತಗೀಲಿಲ್ಲ.

“ಊಟಾನೂ ಹಾಕ್ಬೇಕು, ವೈನಿ” ಅಂದ.